ಅರ್ಧ ಬೆಲೆಯ ಗಾಡಿ

ಫೆಬ್ರವರಿ ೯

ಅಕ್ಕಾ,

ಫೋನು ಮಾಡುವುದು ಬಿಟ್ಟು ಇವಳಿಗೇನು ಕಾಗದದ ಹುಚ್ಚು ಎಂದು ನಗಬೇಡ. ಮನೆಯಲ್ಲಿ ಫೋನು ಕೈಗೆ ತೆಗೆದುಕೊಂಡರೆ ಮಕ್ಕಳಿಬ್ಬರೂ ಮೈಮೇಲೆ ಬೀಳುತ್ತಾರೆ. ಇಲ್ಲಿ ಲ್ಯಾಬಿನಲ್ಲಾದರೆ ಕಟ್ಟುಹಲ್ಲಿನ ಅಚ್ಚು ಗಟ್ಟಿಯಾಗುವ ತನಕ ನನಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ನೀನೂ ಲ್ಯಾಬಿನ ವಿಳಾಸಕ್ಕೇ ಬರೆ. ಮನೆಯ ಅಂಚೆ ಡಬ್ಬಿಯ ಬೀಗ ಕೆಟ್ಟು ಎಷ್ಟೋ ದಿನವಾಯಿತು.

ವಿಷಯ ಇಷ್ಟೆ. ನನಗೊಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು. ತೀರ ಪುಟ್ಟದು ಬೇಡ, ನಿಮ್ಮ ಅಂಗಳದಲ್ಲಿ ಸಾಲಾಗಿ ನಿಂತಿರುತ್ತವಲ್ಲ, ಆ ಚಿಕ್ಕ ಎಸ್‌ಯುವಿ, ಅಂಥದ್ದು. ಕೆಟ್ಟ ರಸ್ತೆಯಲ್ಲೂ ಹೋಗಬೇಕು, ದೂರ ಓಡಬೇಕು. ಬಣ್ಣ ಯಾವುದಾದರೂ ಸರಿ, ಕೆಂಪು ಮಾತ್ರ ಬೇಡ. ಭಾವನ ಕೈಯಲ್ಲಿ ಒಳ್ಳೆಯ ಬೆಲೆಗೆ ಏನಾದರೂ ಇದ್ದರೆ ಹೇಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅವರ ಔಷಧಿ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ದೊಡ್ಡವಳು ಏಳನೇ ಕ್ಲಾಸಿನಲ್ಲಿ ಮೊದಲಿಗಳು. ಚಿಕ್ಕವಳಿಗೆ ಮಾತು ಜಾಸ್ತಿ.

ಕಾರಿನ ಸುದ್ದಿ ನಮ್ಮಿಬ್ಬರಲ್ಲೇ ಇರಲಿ. ಅವರಿಗೆ ಈಗಲೇ ತಿಳಿಯುವುದು ಬೇಡ.

ನಿನ್ನ ಪುಟ್ಟಿ


ಫೆಬ್ರವರಿ ೨೦

ಪುಟ್ಟಿ,

ನಿನ್ನ ಕಾಗದ ನೋಡಿ ಮೊದಲು ಹೆದರಿದೆ, ಆಮೇಲೆ ನಕ್ಕೆ. ಗಂಡನಿಗೆ ಗೊತ್ತಿಲ್ಲದ ಹಾಗೆ ಕಾರು ತಂದು ಬಾಗಿಲಲ್ಲಿ ನಿಲ್ಲಿಸುವ ಯೋಜನೆಯೋ? ಎಂಥ ಅದೃಷ್ಟವಂತ ಮನುಷ್ಯ. ನನಗೆ ಮದುವೆಯಾಗಿ ಇಷ್ಟು ವರ್ಷವಾಯಿತು, ನಿಮ್ಮ ಭಾವನಿಗೆ ನಾನು ಕೊಟ್ಟ ದೊಡ್ಡ ಉಡುಗೊರೆ ಎಂದರೆ ಒಂದು ಕೊಡೆ. ಅದನ್ನೂ ಬಸ್ಸಿನಲ್ಲಿ ಬಿಟ್ಟು ಬಂದರು.

ಇಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ. ಬಂದ ಗಾಡಿಗಳನ್ನು ತೊಳೆಸುವುದು, ಫೋಟೋ ತೆಗೆಯುವುದು, ಜಾಹೀರಾತಿಗೆ ನಾಲ್ಕು ಸಾಲು ಕಟ್ಟುವುದು. ‘ಒಂದೇ ಕೈಯಲ್ಲಿ ಓಡಿದ ಗಾಡಿ’ ಎಂದು ಬರೆದೂ ಬರೆದೂ ಯಾವ ಗಾಡಿಗೂ ಎರಡು ಕೈ ಇದ್ದದ್ದೇ ನನಗೆ ಮರೆತುಹೋಗಿದೆ.

ನಿಮ್ಮ ಭಾವನಿಗೆ ಹೇಳಿದೆ. “ಪುಟ್ಟಿಗೇನಾ? ಆ ಬೂದು ಬಣ್ಣದ್ದು ಕೊಡೋಣ ಬಿಡು, ಅರ್ಧ ಬೆಲೆಗೆ” ಎಂದರು. ಅರ್ಧ ಎಂದರೆ ಅರ್ಧವೇ, ಕಣೇ. ಹೊರಗೆ ಎಲ್ಲಿ ವಿಚಾರಿಸಿದರೂ ಈ ಬೆಲೆಗೆ ಸಿಗುವುದಿಲ್ಲ. ಹೆಚ್ಚು ಓಡಿಲ್ಲ. ಸೀಟಿಗೆ ಹೊಸ ಕವರು. ಫೋಟೋ ಕಳಿಸಿದ್ದೇನೆ, ನೋಡು.

ನಿನ್ನ ಅಕ್ಕ


ಮಾರ್ಚ್ ೨

ಅಕ್ಕಾ,

ಫೋಟೋ ನೋಡಿದೆ. ಅದೇ ಇರಲಿ. ಕೆಲವು ವಿಷಯ ಕೇಳಬೇಕು, ಬೇಸರ ಮಾಡಿಕೊಳ್ಳಬೇಡ.

ಹಿಂದಿನ ಸೀಟು ಪೂರ್ತಿ ಮಡಚಿದರೆ ನೆಲ ಸಮವಾಗುತ್ತದೆಯೇ? ಮಕ್ಕಳಿಬ್ಬರು ಕಾಲು ಚಾಚಿ ಮಲಗಬಹುದೇ? ಒಳಗಿನಿಂದ ಎಲ್ಲ ಬಾಗಿಲಿಗೂ ಒಂದೇ ಸಲ ಬೀಗ ಬೀಳುತ್ತದೆಯೇ? ಕಿಟಕಿಗೆ ಪರದೆ ಹಾಕಲು ಬರುತ್ತದೆಯೇ? ಟ್ಯಾಂಕ್ ತುಂಬಿಸಿದರೆ ಎಲ್ಲೂ ನಿಲ್ಲದೆ ಎಷ್ಟು ದೂರ ಹೋಗಬಹುದು?

ಇನ್ನೊಂದು. ಬೆಲೆ ಅರ್ಧ ಏಕೆ? ನನಗೆಂದು ಭಾವ ನಷ್ಟ ಮಾಡಿಕೊಳ್ಳುವುದು ಬೇಡ. ಹಣ ನನ್ನದೇ, ಓವರ್‌ಟೈಮಿನದು. ಲ್ಯಾಬಿನಲ್ಲಿ ಮೇಣದ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರಿದ್ದಾರೆ, ಮೇಣದಮ್ಮ ಎಂದೇ ಕರೆಯುತ್ತೇವೆ. ಅವರ ಹತ್ತಿರ ಇಟ್ಟಿದ್ದೆ. ಕಾಗದಪತ್ರ ನನ್ನ ಹೆಸರಿಗೇ ಆಗಲಿ.

ಗಾಡಿಯನ್ನು ಲ್ಯಾಬಿಗೇ ಕಳಿಸು. ಮನೆಗೆ ಮಾತ್ರ ಫೋನು ಮಾಡಬೇಡ, ಅಕ್ಕಾ. ಮಾಡುವುದಿಲ್ಲ ತಾನೆ?

ಪುಟ್ಟಿ


ಮಾರ್ಚ್ ೧೪

ಪುಟ್ಟಿ,

ಅಯ್ಯೋ, ನಿನ್ನ ಪ್ರಶ್ನೆಗಳನ್ನು ನೋಡಿದರೆ ಕಾರು ಕೊಳ್ಳುತ್ತಿದ್ದೀಯೋ ಮನೆ ಕಟ್ಟಿಸುತ್ತಿದ್ದೀಯೋ ತಿಳಿಯದು. ಪರದೆ ಬೇರೆ ಕೇಡು. ಎಲ್ಲಿಗೆ ಪ್ರವಾಸ? ನನ್ನನ್ನೂ ಕರೆದುಕೊಂಡು ಹೋಗು, ಡಿಕ್ಕಿಯಲ್ಲಾದರೂ ಕೂರುತ್ತೇನೆ.

ಸೀಟು ಮಡಚಿ ನಾನೇ ಮಲಗಿ ನೋಡಿದೆ. ನನ್ನಂಥ ಗಾತ್ರದವಳಿಗೇ ಜಾಗ ಸಾಕಾಯಿತು ಎಂದ ಮೇಲೆ ಮಕ್ಕಳಿಗೆ ಧಾರಾಳ. ಬೀಗ ಒಂದೇ ಗುಂಡಿಗೆ ಬೀಳುತ್ತದೆ. ಟ್ಯಾಂಕ್ ತುಂಬಿಸಿದರೆ ನಿನ್ನೂರಿಂದ ನಮ್ಮೂರಿಗೆ ಬಂದು, ಜಗಳವಾಡಿ, ವಾಪಸ್ಸೂ ಹೋಗಬಹುದು.

ಬೆಲೆಯ ಮಾತು ಬಿಡು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ನೀನೋ ಹಲ್ಲಿನ ಕೆಲಸದವಳು, ಎಣಿಸದೆ ಬಿಡುವುದಿಲ್ಲ. ನಿಮ್ಮ ಭಾವ ಲಾಭ ಬಿಟ್ಟರು ಎಂದುಕೋ. ಒಳಗೆ ಸ್ವಲ್ಪ ವಾಸನೆ ಬಂದರೆ ಹೊಸ ಕವರಿನದು. ಬಿಸಿಲಿಗೆ ನಿಲ್ಲಿಸಿ ಕಿಟಕಿ ತೆಗೆದಿಡು. ದೂರ ಹೋಗುವ ಮೊದಲು ಯಾರಿಗಾದರೂ ಒಮ್ಮೆ ತೋರಿಸಿಬಿಡು. ಏನೂ ಆಗಿಲ್ಲ, ಸುಮ್ಮನೆ ಹೇಳಿದೆ.

ನಮ್ಮ ಡ್ರೈವರ್ ತಂದು ಕೊಡುತ್ತಾನೆ. ಮನೆಗೆ ಫೋನು ಮಾಡುವುದಿಲ್ಲ, ಸರಿಯೇ?

ಅಕ್ಕ


ಏಪ್ರಿಲ್ ೧

ಅಕ್ಕಾ,

ಗಾಡಿ ಬಂದು ಲ್ಯಾಬಿನ ಹಿಂದೆ, ಒಡೆದ ಅಚ್ಚುಗಳನ್ನು ಸುರಿಯುವ ಜಾಗದಲ್ಲಿ ನಿಂತಿದೆ. ಊಟದ ಬಿಡುವಿನಲ್ಲಿ ಹೋಗಿ ಸುಮ್ಮನೆ ಒಳಗೆ ಕೂರುತ್ತೇನೆ. ನಿನ್ನೆ ಮೇಣದಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೈಲು ಗೇಟಿನವರೆಗೆ ಹೋಗಿಬಂದೆ. ಕೈ ಮರೆತಿಲ್ಲ. ಗೇಟು ಹಾಕಿತ್ತು, ರೈಲು ಹೋಗುವ ತನಕ ಕಾದೆವು. ಆಮೇಲೆ ಅವರು “ಇನ್ನೂ ಸ್ವಲ್ಪ ಮುಂದೆ ಹೋಗು, ನೋಡೋಣ” ಎಂದರು.

ಮೆಕ್ಯಾನಿಕ್‌ಗೆ ತೋರಿಸಲಿಲ್ಲ. ಈ ಊರಿನ ಮೆಕ್ಯಾನಿಕ್‌ಗಳೆಲ್ಲ ಅವರ ಅಂಗಡಿಯ ಗಿರಾಕಿಗಳು. ನಿನ್ನ ಮಾತೇ ನನಗೆ ಸಾಕು.

ಇಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ. ಭಾವನಿಗೂ ಹೇಳು.

ಪುಟ್ಟಿ


ಏಪ್ರಿಲ್ ೨೬

ಪ್ರೀತಿಯ ಅಕ್ಕನವರಿಗೆ,

ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ. ನೀವು ಕಳಿಸಿದ ಕಾರು ತುಂಬ ಚೆನ್ನಾಗಿದೆ. ಯಜಮಾನರಿಗೂ ಇಷ್ಟವಾಗಿದೆ. ಹೋದ ವಾರ ನಾನು, ಮಕ್ಕಳು ಸ್ವಲ್ಪ ದೂರ ಸುತ್ತಾಡಿಕೊಂಡು ಬಂದೆವು. ಇನ್ನು ಮುಂದೆ ಅವರೇ ಓಡಿಸುತ್ತಾರೆ.

ಮನೆಯ ಅಂಚೆ ಡಬ್ಬಿ ಸರಿಯಾಗಿದೆ. ಇನ್ನು ಮನೆಯ ವಿಳಾಸಕ್ಕೇ ಬರೆಯಿರಿ. ಕಾರಿನ ಬಗ್ಗೆ ನಾವು ಏನೇನು ಮಾತಾಡಿಕೊಂಡಿದ್ದೆವು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ಬಿಡುವಾದಾಗ ಬರೆದರೆ ಅನುಕೂಲ.

ಭಾವನವರಿಗೆ ನಮಸ್ಕಾರಗಳು.

ನಿಮ್ಮ ತಂಗಿ


ಮೇ ೫

ಪುಟ್ಟಿ,

ಏನೇ ಇದು, ನನಗೆ ‘ನೀವು’, ‘ನಿಮ್ಮ’? ಕಾರು ಬಂದ ಕೂಡಲೇ ದೊಡ್ಡ ಮನುಷ್ಯಳಾಗಿಬಿಟ್ಟೆಯಾ? ಆದರೂ ನಿನ್ನ ಕಾಗದ ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಯಾವ ಕಲ್ಲು ಎಂದು ಕೇಳಬೇಡ. ಗಾಡಿ ಚೆನ್ನಾಗಿ ಓಡುತ್ತಿದೆಯಲ್ಲ, ಅಷ್ಟು ಸಾಕು. “ನಾನು ಹೇಳ್ಲಿಲ್ವಾ, ಸುಮ್ನೆ ಹೆದರ್ತಿದ್ದೆ” ಎಂದು ನಿಮ್ಮ ಭಾವ ಎರಡು ದಿನ ನನ್ನ ತಲೆ ತಿಂದರು.

ನೆನಪಿಲ್ಲವೇ? ನನಗೆ ಎಲ್ಲ ನೆನಪಿದೆ. ಫೆಬ್ರವರಿಯಿಂದ ನೀನು ಕೊಟ್ಟ ಕಾಟ ಮರೆಯುವಂಥದ್ದೇ? ಮಕ್ಕಳಿಬ್ಬರು ಒಳಗೇ ಮಲಗಬೇಕು, ಕಿಟಕಿಗೆ ಪರದೆ ಬೇಕು, ಒಳಗಿನಿಂದ ಬೀಗ ಬೀಳಬೇಕು, ಎಲ್ಲೂ ನಿಲ್ಲದೆ ದೂರ ಓಡಬೇಕು. ಓವರ್‌ಟೈಮಿನ ಹಣ ಮೇಣದಮ್ಮನ ಹತ್ತಿರ ಬಚ್ಚಿಟ್ಟ ಜಾಣೆ ನೀನು. ಇಷ್ಟೆಲ್ಲ ಗುಟ್ಟು ಮಾಡಿದವಳು ಕೊನೆಗೆ ಅವರಿಗೆ ಹೇಗೆ ತೋರಿಸಿದೆ? ನೋಡಿದ ಕೂಡಲೇ ಅವರ ಮುಖ ಹೇಗಾಯಿತು? ಎಲ್ಲ ಬಿಡಿಸಿ ಬರೆ.

ಅಕ್ಕ


ಜೂನ್ ೧೮

ಅಕ್ಕಾ,

ಇದನ್ನು ಮೇಣದಮ್ಮ ಅಂಚೆಗೆ ಹಾಕುತ್ತಾರೆ. ಹಾಲಿನ ಅಂಗಡಿಯಲ್ಲಿ ಸಿಕ್ಕಾಗ ಅವರ ಚೀಲಕ್ಕೆ ಹಾಕಬೇಕು. ನಾನೀಗ ಲ್ಯಾಬಿಗೆ ಹೋಗುತ್ತಿಲ್ಲ. ನೀನು ಅವರ ಮನೆಗೆ ಬರೆ. ನಮ್ಮ ಮನೆಗೆ ಇನ್ನು ಒಂದು ಸಾಲೂ ಬರೆಯಬೇಡ.

ಏಪ್ರಿಲ್‌ನ ಎರಡನೇ ಕಾಗದ ನಮ್ಮ ಯಜಮಾನರು ಹೇಳಿ ಬರೆಸಿದ್ದು. ನಿನಗೆ ‘ನೀವು’ ಎಂದು ಬರೆದರೆ ಅನುಮಾನ ಬರುತ್ತದೆ ಎಂದುಕೊಂಡೆ.

ನಾನು ಆ ಕಾರು ಕೊಂಡದ್ದು ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟು ಹೋಗಲು. ಬಸ್ ನಿಲ್ದಾಣದ ಎದುರಿಗೇ ಅವರ ಅಂಗಡಿ. ಕಂಡಕ್ಟರುಗಳಿಂದ ಹಿಡಿದು ಹೂವು ಮಾರುವವಳವರೆಗೆ ಎಲ್ಲರೂ ಅವರಿಂದ ಉಪಕಾರ ಪಡೆದವರೇ. ಬಂಗಾರದಂಥ ಮನುಷ್ಯ ಎನ್ನುತ್ತಾರೆ. ನೀನೂ ಹಾಗೇ ಅನ್ನುತ್ತೀಯ. ನಾನು ನಿನಗೆ ಏನನ್ನೂ ಹೇಳಿರಲಿಲ್ಲ, ಹಾಗಾಗಿ ನಿನ್ನ ತಪ್ಪಿಲ್ಲ. ದೂರದ ಊರೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ರೂಮು ಸಿಗುವ ತನಕ ಕಾರಿನಲ್ಲೇ ಮಲಗುವುದು ಎಂದು ಲೆಕ್ಕ ಹಾಕಿದ್ದೆ.

ಅವರು ಅಂಗಡಿಗೆ ಹೋದ ಮೇಲೆ, ನನ್ನ ಫೋನನ್ನು ಮನೆಯಲ್ಲೇ ಬಿಟ್ಟು ಹೊರಟೆವು. ಚಿಕ್ಕವಳು ಹಾಡುತ್ತಿದ್ದಳು. ಅರ್ಧ ದಾರಿಯಲ್ಲಿ, ಸುತ್ತ ಏನೂ ಇಲ್ಲದ ಕಡೆ, ಮೀಟರಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಸ್ಟೇರಿಂಗ್ ಕಲ್ಲಾಯಿತು. ಹೇಗೋ ಬದಿಗೆ ಎಳೆದು ತಂದೆ. ಗಾಡಿ ಸತ್ತುಹೋಯಿತು. ಬಾಗಿಲು ತೆಗೆಯಲು ನೋಡಿದರೆ ಬೀಗ ಬಿಡಲಿಲ್ಲ, ಗಾಜೂ ಇಳಿಯಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ನಾನು ಚಪ್ಪಲಿಯಿಂದ ಗಾಜಿಗೆ ಹೊಡೆದೆ, ಒಡೆಯಲಿಲ್ಲ. ಚಿಕ್ಕವಳು ಮೊದಲು ಅತ್ತಳು, ಆಮೇಲೆ ವಾಂತಿ ಮಾಡಿದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಾದದ್ದನ್ನು ನಾನು ಸಾಯುವ ತನಕ ಮರೆಯಲಾರೆ.

ಟೈರು ರಿಪೇರಿಯವನೊಬ್ಬ ಸ್ಕೂಟರಿನಲ್ಲಿ ಬಂದವನು ಕಂಡು, ಗಾಜು ಒಡೆದು ನಮ್ಮನ್ನು ಎಳೆದುಕೊಂಡ. ನಾನು ಚಿಕ್ಕವಳ ಮುಖಕ್ಕೆ ನೀರು ಹಾಕುತ್ತಿದ್ದಾಗ ದೊಡ್ಡವಳು ಅವನ ಫೋನು ಕೇಳಿ ಅಪ್ಪನಿಗೆ ಮಾಡಿದಳು. ತಂಗಿ ಸಾಯುತ್ತಾಳೆ ಎಂದುಕೊಂಡಳು ಪಾಪ. ಅವಳನ್ನು ಯಾರೂ ಅನ್ನಬಾರದು.

ಅವರು ಬರುವಷ್ಟರಲ್ಲಿ ಆ ಮನುಷ್ಯ ಕಾಲಡಿಯ ಮ್ಯಾಟ್ ಎತ್ತಿ ನೋಡಿದ. ಕೆಳಗೆ ಒಣಗಿದ ಕೆಸರು. ವೈರುಗಳೆಲ್ಲ ಹಸಿರುಗಟ್ಟಿದ್ದವು. “ಇದು ಮುಳುಗಿ ಎದ್ದ ಗಾಡಿ ಅಮ್ಮಾ. ಯಾರು ಕೊಟ್ರು ನಿಮ್ಗೆ?” ಎಂದ. ನಮ್ಮ ಅಕ್ಕ ಎನ್ನದೆ, ಯಾರೋ ಎಂದೆ.

ಅವರು ಬಂದರು. ಒಂದು ಮಾತು ಬೈಯಲಿಲ್ಲ. ಟೈರಿನವನಿಗೆ ಕೈಮುಗಿದರು. ಚಿಕ್ಕವಳನ್ನು ಹೆಗಲ ಮೇಲೆ ಹಾಕಿಕೊಂಡರು. “ಎಂಥಾ ಯಜಮಾನ್ರು ಅಮ್ಮಾ ನಿಮ್ದು” ಎಂದು ಅವನೂ ಹೇಳಿದ. ಮಕ್ಕಳನ್ನು ಸುತ್ತಾಡಿಸಲು ಹೊರಟಿದ್ದೆ ಎಂದು ಅವರಿಗೆ ಹೇಳಿದ್ದೆ. ಅವರು ಅರ್ಧ ಮಾತ್ರ ನಂಬಿದರು, ನಿನ್ನಿಂದ ನಿಜ ತಿಳಿಯಲೆಂದೇ ಆ ಕಾಗದ ಬರೆಸಿದ್ದು. ಅಷ್ಟರಲ್ಲಿ ಮನೆಗೆ ನಿನ್ನ ಮೇ ತಿಂಗಳ ಕಾಗದ ಬಂತು. ಮಲಗಲು ಜಾಗ, ಪರದೆ, ಬೀಗ, ಬಚ್ಚಿಟ್ಟ ಹಣ. ಅದನ್ನು ಅವರು ನನ್ನ ಕೈಯಲ್ಲೇ ಜೋರಾಗಿ ಓದಿಸಿದರು.

ಆಮೇಲಿನದನ್ನು ಬರೆಯುವುದಿಲ್ಲ. ಈಗ ಆರಾಮಾಗಿದ್ದೇನೆ.

ಗಾಡಿಯ ವಿಷಯ ನಿನಗೆ ಗೊತ್ತಿತ್ತೇ? ಇಷ್ಟು ಮಾತ್ರ ಹೇಳು.

ಪುಟ್ಟಿ


ಜೂನ್ ೨೭

ಪುಟ್ಟಿ,

ಗೊತ್ತಿತ್ತು.

ಹೋದ ವರ್ಷ ಹೊಳೆ ಉಕ್ಕಿ ಒಂದು ಕಟ್ಟಡದ ನೆಲಮಾಳಿಗೆಗೆ ನುಗ್ಗಿತ್ತು. ಅಲ್ಲಿ ನಿಂತಿದ್ದ ಗಾಡಿಗಳನ್ನು ನಿಮ್ಮ ಭಾವ ಹರಾಜಿನಲ್ಲಿ ಸಗಟಾಗಿ ತಂದರು. ಒಣಗಿಸಿದರು, ಎಂಜಿನ್ ಬಿಚ್ಚಿ ಜೋಡಿಸಿದರು, ಸೀಟಿಗೆ ಕವರು ಹಾಕಿಸಿದರು. ಸಂದುಗಳ ಕೆಸರನ್ನು ಹಳೆಯ ಬ್ರಶ್ಶಿನಿಂದ ಉಜ್ಜಿ ತೆಗೆದದ್ದು ಈ ಕೈಗಳೇ. ಮ್ಯಾಟಿನ ಕೆಳಗೆ ನೋಡಲಿಲ್ಲ. ಯಾರೂ ನೋಡುವುದಿಲ್ಲ ಎಂದು ಬಿಟ್ಟೆ.

ನೀನು ‘ಅರ್ಧ ಏಕೆ’ ಎಂದು ಕೇಳಿದಾಗ ಬರೆಯಲು ಪೆನ್ನು ತೆಗೆದಿದ್ದೆ. “ಊರೊಳಗೆ ಓಡಿಸ್ತಾಳೆ, ಏನಾಗುತ್ತೆ? ಕೆಟ್ರೆ ನಾನೇ ರಿಪೇರಿ ಮಾಡಿಸಿ ಕೊಡ್ತೀನಿ” ಎಂದರು ನಿಮ್ಮ ಭಾವ. ಆಗ ಎಮ್ಮೆ, ಹಲ್ಲು ಎಂದು ನಗೆಯ ಮಾತು ಬರೆದು ಕೈ ತೊಳೆದುಕೊಂಡೆ.

ನಿನ್ನ ಕಾಗದವನ್ನು ಅವರ ಮುಂದೆ ಓದಿದೆ. “ಮೊದಲೇ ವಿಷಯ ಹೇಳಿದ್ರೆ ಒಳ್ಳೆ ಗಾಡೀನೇ ಕೊಡ್ತಿದ್ದೆ” ಎಂದರು. ಅಂದರೆ ವಿಷಯ ಹೇಳದವರು ದಾರಿಯಲ್ಲಿ ಸತ್ತರೂ ಅಡ್ಡಿಯಿಲ್ಲ ಎಂದಾಯಿತಲ್ಲ. ಅವತ್ತಿನಿಂದ ಅವರ ಜೊತೆ ಮಾತು ಬಿಟ್ಟಿದ್ದೇನೆ. ಜಾಹೀರಾತು ಬರೆಯುವುದನ್ನೂ ಬಿಟ್ಟಿದ್ದೇನೆ.

ನಾನು ಬರಲೇ? ನಿನ್ನ ಪಕ್ಕದಲ್ಲಿ ನಿಲ್ಲಲೇ? ನೀನು ಹೂಂ ಎಂದರೆ ಹೊರಡುತ್ತೇನೆ. ಕೇಳದೆ ಬಂದು ಇನ್ನೊಂದು ಅನಾಹುತ ಮಾಡಲು ಭಯ.

ಅಕ್ಕ


ಆಗಸ್ಟ್ ೩

ಅಕ್ಕಾ,

ನಾನು ಹೊರಗೆ ಬಂದಿದ್ದೇನೆ. ಚಿಕ್ಕವಳು ನನ್ನ ಜೊತೆಯಿದ್ದಾಳೆ. ಇದು ಹೆಂಗಸರು ಮಕ್ಕಳು ಬಂದು ಇರುವ ಒಂದು ಮನೆ. ಒಂದು ಕೋಣೆಗೆ ನಾಲ್ಕು ಮಂಚ, ಕಿಟಕಿಗೆ ಹಸಿರು ಬಣ್ಣ ಬಳಿದಿದ್ದಾರೆ. ಕವರಿನ ಹಿಂದಿನ ವಿಳಾಸ ಇಲ್ಲಿನ ವಕೀಲೆಯದು. ಅವರಿಗೆ ಬರೆದರೆ ನನಗೆ ಸಿಗುತ್ತದೆ.

ಚಿಕ್ಕವಳಿಗೆ ಕಿವಿನೋವು ಎಂದು ಆಸ್ಪತ್ರೆಗೆ ಹೊರಟೆ. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಲ್ಯಾಬಿನ ವ್ಯಾನು ನಿಂತಿತ್ತು. ಮೇಣದಮ್ಮ ಹೇಳಿ ನಿಲ್ಲಿಸಿದ್ದರು. ಹಲ್ಲಿನ ಡಬ್ಬಿಗಳ ನಡುವೆ ಕೂತು ಪಕ್ಕದ ಊರಿಗೆ ಬಂದು ಅಲ್ಲಿಂದ ಬಸ್ಸು ಹತ್ತಿದೆವು.

ದೊಡ್ಡವಳನ್ನು ಬಿಟ್ಟು ಬಂದೆ.

ಅವಳಿಗೆ ಹೇಳಲಿಲ್ಲ. ಏಪ್ರಿಲ್ ಆದ ಮೇಲೆ ಅವರು ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡುತ್ತಿದ್ದರು. “ಈ ಮನೇಲಿ ಬುದ್ಧಿ ಇರೋದು ಇವಳೊಬ್ಬಳಿಗೇ” ಎನ್ನುತ್ತಿದ್ದರು. ಅಮ್ಮ ಇವತ್ತು ಏನು ಮಾಡಿದಳು ಎಂದು ದಿನವೂ ಅವಳನ್ನೇ ಕೇಳುತ್ತಿದ್ದರು. ಅವಳು ತಟ್ಟೆ ನೋಡಿಕೊಂಡು ಹೇಳುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನಾನು ಹೆದರಿದೆ, ಅಕ್ಕಾ. ಹೇಳಿಬಿಡುತ್ತಾಳೆ ಎಂದು. ಅವತ್ತು ಬೆಳಿಗ್ಗೆ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದೆ. ಗೇಟಿನ ಹತ್ತಿರ ನಿಂತು ಒಂದು ಸಲ ತಿರುಗಿ ನೋಡಿದಳು. ನಾನು ಕೈ ಬೀಸಿ ಒಳಗೆ ಬಂದೆ.

ಅವರು ಅವಳ ಮೇಲೆ ಯಾವತ್ತೂ ಕೈ ಮಾಡಿದವರಲ್ಲ. ಅವಳನ್ನು ಕಂಡರೆ ಅವರಿಗೆ ಪ್ರಾಣ. ದಿನಕ್ಕೆ ನೂರು ಸಲ ಇದನ್ನೇ ಹೇಳಿಕೊಳ್ಳುತ್ತೇನೆ.

ನೀನು ಬರಲೇ ಎಂದು ಕೇಳಿದ್ದೆ. ಇಲ್ಲಿಗೆ ಬೇಡ. ಅವಳ ಶಾಲೆಗೆ ಹೋಗಿ ಬಾ. ನನ್ನ ವಿಷಯ ಹೇಳಬೇಡ. ಅವಳು ಹೇಗಿದ್ದಾಳೆ, ನೋಡಿ ಬರೆ.

ಪುಟ್ಟಿ


ಆಗಸ್ಟ್ ೨೧

ಪುಟ್ಟಿ,

ನಾನು ನಿನ್ನ ಊರಿನಲ್ಲಿದ್ದೇನೆ. ಶಾಲೆಯ ಹಿಂದಿನ ಬೀದಿಯಲ್ಲಿ, ಮೇಣದಮ್ಮನ ಮನೆಯ ಹೊರಗಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ಭಾವನಿಗೆ ಚೀಟಿ ಬರೆದಿಟ್ಟು ಬಂದೆ. ಯಾವಾಗ ಹೋಗುತ್ತೇನೋ, ಹೋಗುತ್ತೇನೋ ಇಲ್ಲವೋ, ಯೋಚಿಸಿಲ್ಲ.

ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ. ಗಟ್ಟಿ ಮನಸ್ಸು ಮಾಡಿಕೊಂಡು ಓದು.

ಶಾಲೆ ಬಿಟ್ಟಾಗ ಎಲ್ಲ ಮಕ್ಕಳೂ ಹೋದ ಮೇಲೆ ಕೊನೆಗೆ ಬಂದಳು. ತೆಳ್ಳಗಾಗಿದ್ದಾಳೆ. ಕೂದಲನ್ನು ಕತ್ತಿನವರೆಗೆ ಕತ್ತರಿಸಿದ್ದಾರೆ. ಎಡಗೈಯ ಎರಡು ಬೆರಳಿಗೆ ಪಟ್ಟಿ. ನನ್ನನ್ನು ಕಂಡು ಓಡಿ ಬರಲಿಲ್ಲ, ನಿಂತಳು. ನಾನೇ ಹೋದೆ.

“ದೊಡ್ಡಮ್ಮ, ತಂಗಿ ಕಿವಿ ವಾಸಿ ಆಯ್ತಾ?” ಎಂದಳು. ಮೊದಲ ಮಾತೇ ಅದು.

ನೀನು ಹೇಳಬೇಡ ಎಂದಿದ್ದೆ. ಆದರೂ ಆಯಿತು ಎಂದೆ. ಬೆರಳಿಗೆ ಏನಾಯಿತು ಎಂದು ಕೇಳಿದೆ. “ಏನಿಲ್ಲ” ಎಂದು ಕೈಯನ್ನು ಚೀಲದ ಹಿಂದೆ ಇಟ್ಟುಕೊಂಡಳು. ಕೂದಲು ಯಾರು ಕತ್ತರಿಸಿದ್ದು ಎಂದೆ. “ಜಡೆ ಹಾಕೋರು ಯಾರೂ ಇಲ್ವಲ್ಲ ಅಂತ ಅಪ್ಪ” ಎಂದಳು. ಮನೆಯ ಕಡೆ ಹೋಗುವ ಬೀದಿಯನ್ನೇ ನೋಡುತ್ತಿದ್ದಳು.

ಆಮೇಲೆ ಅವಳಾಗಿಯೇ ಹೇಳಿದಳು. “ಅಮ್ಮ ಹೋಗ್ತಾರೆ ಅಂತ ನಂಗೆ ಗೊತ್ತಿತ್ತು, ದೊಡ್ಡಮ್ಮ. ತಂಗಿ ಸ್ವೆಟರ್ ಆಸ್ಪತ್ರೆ ಚೀಲಕ್ಕೆ ಹಾಕಿದ್ದು ನೋಡ್ದೆ. ರಾತ್ರಿ ಅಪ್ಪ ಕೇಳಿದ್ರು, ಏನೂ ಇಲ್ಲ ಅಂದೆ. ಬೆಳಿಗ್ಗೆ ನನ್ನೂ ಕರೀತಾರೇನೋ ಅಂತ ಗೇಟ್ ಹತ್ರ ನಿಂತೆ.”

ಅವಳೇ ನನ್ನ ಸೆರಗು ಸರಿಮಾಡಿ, “ಅಪ್ಪ ಕೇಳಿದ್ರೆ ನೀವು ಬಂದಿರ್ಲಿಲ್ಲ ಅಂತೀನಿ, ನೀವು ಹೋಗಿ” ಎಂದಳು.

ಇವತ್ತು ಮಕ್ಕಳ ರಕ್ಷಣೆಯ ಕಚೇರಿಗೆ ಹೋಗಿದ್ದೆ. ಅಧಿಕಾರಿ ಒಳ್ಳೆಯ ಹೆಂಗಸು. ಎಲ್ಲ ಕೇಳಿಸಿಕೊಂಡು, “ಈ ಊರಲ್ಲಿ ಅವರ ಬಗ್ಗೆ ಇಂಥ ಮಾತು ಇದೇ ಮೊದಲು ಕೇಳ್ತಿರೋದು. ತಾಯಿ ಬರೆದು ಕೊಡ್ಲಿ, ಯಾವತ್ತು ಏನು ನಡೀತು ಅಂತ. ಇವತ್ತು ಕೊಟ್ರೆ ನಾಳೆನೇ ಮಗುನ ಮಾತಾಡಿಸ್ತೀನಿ” ಎಂದರು. ತೋರಿಸಲು ಏನಾದರೂ ಸಿಗಬಹುದು ಎಂದು ನಿನ್ನ ಕಾಗದಗಳನ್ನೆಲ್ಲ ತಂದಿದ್ದೆ. ವರ್ಷಗಳ ಕಾಗದ. ಕುರ್ಚಿಯಲ್ಲಿ ಕೂತು ಒಂದೊಂದೇ ತೆಗೆದು ನೋಡಿದೆ. ಎಲ್ಲರೂ ಚೆನ್ನಾಗಿದ್ದೇವೆ. ಅವರ ಅಂಗಡಿ ಚೆನ್ನಾಗಿದೆ. ಆಮೇಲಿನದನ್ನು ಬರೆಯುವುದಿಲ್ಲ. ಆ ಮೇಜಿನ ಮೇಲೆ ಇಡಬಹುದಾದ ಒಂದು ಸಾಲು ಸಿಗಲಿಲ್ಲ, ಪುಟ್ಟಿ. ನನ್ನ ಕಾಗದಗಳನ್ನು ನೀನು ತೆಗೆದು ನೋಡಿದರೆ ಅವೂ ಹಾಗೇ ಇರುತ್ತವೆ.

ವಕೀಲೆಯ ಮುಂದೆ ಕೂತು ಬರೆ. ನನಗೆ ನೋವಾಗುತ್ತದೆ ಎಂದು ಬಿಡಬೇಡ, ನಾಚಿಕೆ ಎಂದು ಬಿಡಬೇಡ. ಇದನ್ನು ಮೇಣದಮ್ಮನ ಮಗ ನಾಳೆ ಬೆಳಗಿನ ಬಸ್ಸಿಗೆ ತರುತ್ತಾನೆ, ನೀನು ಬರೆದು ಮುಗಿಸುವ ತನಕ ಅಲ್ಲೇ ಕಾಯುತ್ತಾನೆ.

ಅವಳಿಗೂ ಬೇರೆ ಒಂದು ಚೀಟಿ ಬರೆ. ಅದರಲ್ಲಿ ಕ್ಷಮಿಸು ಎಂದೇನೂ ಬೇಡ. ಬಾ ಎಂದು ಬರೆ.

ಅಕ್ಕ